ಹುಲ್ಲಿನ ಪಂಚಾಂಗ, ಆಕಳ ಪಂಚಾಂಗ

ನೆಬ್ರಾಸ್ಕದ ಕ್ಲೇ ಸೆಂಟರ್ ಎಂಬ ಸಣ್ಣ ಊರು ದಾಟಿ ಪಶ್ಚಿಮಕ್ಕೆ ಹೊರಟರೆ ರಸ್ತೆ ಪಕ್ಕದ ಬಯಲಿನಲ್ಲಿ ಹುಲ್ಲು ಬೆಳೆದ ದಿಬ್ಬಗಳು ಕಾಣಿಸುತ್ತವೆ. ಒಂದೇ ಅಳತೆ, ಒಂದೇ ಅಂತರ, ಸಾಲು ಸಾಲು. ಹತ್ತಿರ ಹೋದಾಗ ದಿಬ್ಬದ ಒಂದು ಮಗ್ಗುಲಲ್ಲಿ ಕಾಂಕ್ರೀಟಿನ ಗೋಡೆ, ಗೋಡೆಯಲ್ಲಿ ಕಬ್ಬಿಣದ ಬಾಗಿಲು. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ನೌಕಾಪಡೆ ಮದ್ದುಗುಂಡು ತುಂಬಿಡಲು ಕಟ್ಟಿಸಿದ ಉಗ್ರಾಣಗಳು ಇವು. ಯಾವ ಕಡಲ ತೀರದಿಂದ ಅಳೆದರೂ ಸಾವಿರ ಕಿಲೋಮೀಟರಿಗೂ ದೂರದ ನೆಲ. ಶತ್ರುವಿನ ಕೈ ಇಲ್ಲಿಗೆ ಚಾಚಲಾರದೆಂಬ ಧೈರ್ಯದಲ್ಲಿ ಆರಿಸಿದ ಜಾಗ. ಈಗ ಆ ದಿಬ್ಬಗಳ ನಡುವೆ ದನ ಮೇಯುತ್ತವೆ. 1964ರಲ್ಲಿ ಅಲ್ಲಿನ ಸಂಸತ್ತಿನ ಒಪ್ಪಿಗೆಯೊಂದಿಗೆ ಈ ನೆಲ ಕೃಷಿ ಇಲಾಖೆಯ ಕೈಗೆ ಬಂತು. ಸುಮಾರು 35,000 ಎಕರೆಯ ಈ ಹರವಿನ ಹೆಸರು ಯು.ಎಸ್. ಮೀಟ್ ಅನಿಮಲ್ ರಿಸರ್ಚ್ ಸೆಂಟರ್. ಮಾಂಸಕ್ಕಾಗಿ ಸಾಕುವ ದನಗಳ ಮೇವು, ಸಂತಾನ, ತಳಿ ಕುರಿತ ವಿಜ್ಞಾನದಲ್ಲಿ ಇದಕ್ಕೆ ಸಾಟಿಯಾದ ತಾಣಗಳು ಜಗತ್ತಿನಲ್ಲಿ ಕೆಲವೇ.

ನನ್ನನ್ನು ಕರೆದುಕೊಂಡು ಹೊರಟವಳು ಜಮಖಂಡಿ ಕಡೆಯ ಗೆಳೆಯನ ಮಗಳು. ಊರ ಕಡೆ ಪಶುವೈದ್ಯಕೀಯ ಓದಿ, ಈಗ ಲಿಂಕನ್ ನಗರದಲ್ಲಿ ದನಗಳ ಆಹಾರ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಅಕ್ಟೋಬರ್ ಕೊನೆಯ ಬಿಸಿಲು ಕಾರಿನ ಗಾಜಿಗೆ ಓರೆಯಾಗಿ ಬೀಳುತ್ತಿತ್ತು. ದಾರಿಯ ಎರಡೂ ಕಡೆ ಮೆಕ್ಕೆಜೋಳ ಕಟಾವಾದ ಹೊಲಗಳಲ್ಲಿ ದನ ಬಿಟ್ಟಿದ್ದರು. ಈ ರಾಜ್ಯದಲ್ಲಿ ಮನುಷ್ಯರು ಇಪ್ಪತ್ತು ಲಕ್ಷದ ಆಸುಪಾಸು, ದನಗಳು ಅರವತ್ತು ಲಕ್ಷಕ್ಕೂ ಹೆಚ್ಚು.

ಓದುಗರಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ನಾನು ದನದ ಮಾಂಸ ತಿನ್ನುವವನಲ್ಲ. ತಿನ್ನುವವರ ಬಗ್ಗೆ ನನಗೆ ತಕರಾರೂ ಇಲ್ಲ. ನಾನು ಹೋದದ್ದು ಬೇರೊಂದು ಕುತೂಹಲಕ್ಕೆ. ಆಕಳು ಯಾವಾಗ ಬೆದೆಗೆ ಬರುತ್ತದೆ, ಯಾಕೆ ಬರುವುದಿಲ್ಲ, ಹೊಟ್ಟೆಗೆ ಬಿದ್ದದ್ದಕ್ಕೂ ಗರ್ಭ ನಿಲ್ಲುವುದಕ್ಕೂ ಏನು ನಂಟು ಎಂಬುದನ್ನು ಇಷ್ಟು ತಾಳ್ಮೆಯಿಂದ, ಇಷ್ಟು ದಶಕಗಳ ಕಾಲ ನೋಡಿದವರು ಈ ಹುಲ್ಲುಗಾವಲಿನ ಜನ. ಹಾಲಿನ ಆಕಳಿಗಾಗಲಿ ಉಳುವ ಎತ್ತನ್ನು ಹೆರುವ ಆಕಳಿಗಾಗಲಿ ಒಳಗಿನ ಯಂತ್ರ ಒಂದೇ. ಅವರು ಕಂಡುಕೊಂಡದ್ದು ನಮ್ಮ ಕೊಟ್ಟಿಗೆಗೂ ಸಲ್ಲುತ್ತದೆ.

ಕ್ಲೇ ಸೆಂಟರ್‌ಗೂ ನಮ್ಮ ಸೀಮೆಗೂ ಒಂದು ನಿಜವಾದ ಕೊಂಡಿ ಇದೆ. ಲ್ಯಾರಿ ಕಂಡಿಫ್, ಕೀತ್ ಗ್ರೆಗರಿ, ರಾಬರ್ಟ್ ಕೋಚ್ ಎಂಬ ವಿಜ್ಞಾನಿಗಳು ಇಲ್ಲಿ ದೇಶ ದೇಶಗಳ ತಳಿಗಳನ್ನು ಒಂದೇ ನೆಲದಲ್ಲಿ, ಒಂದೇ ಮೇವಿನಲ್ಲಿ ಹೋಲಿಸಿ ನೋಡುವ ಬಹುದೊಡ್ಡ ಪ್ರಯೋಗ ನಡೆಸಿದರು. 1970ರ ದಶಕದ ನಡುವಿನ ಸುತ್ತಿನಲ್ಲಿ ಬ್ರಾಹ್ಮನ್ ಮತ್ತು ಸಾಹಿವಾಲ್ ಹೋರಿಗಳೂ ಇದ್ದವು. ಅಮೆರಿಕದ ಬ್ರಾಹ್ಮನ್ ತಳಿ ಹುಟ್ಟಿದ್ದು ಭಾರತದಿಂದ ಹೋದ ಗಿರ್, ಗುಜರಾತ್, ನೆಲ್ಲೂರು ಮತ್ತು ಕೃಷ್ಣಾ ಕಣಿವೆ ದನಗಳ ರಕ್ತದಿಂದ. ಕೃಷ್ಣಾ ಕಣಿವೆ ಎಂದರೆ ಜಮಖಂಡಿ, ಮುಧೋಳ, ಅಥಣಿಯ ಎರೆಮಣ್ಣಿನಲ್ಲಿ ಗಳೆ ಹೊಡೆದ ಆ ದೊಡ್ಡ ಮೈಯ ಎತ್ತುಗಳ ಕುಲ. ಟ್ರ್ಯಾಕ್ಟರ್ ಬಂದ ಮೇಲೆ ನಮ್ಮಲ್ಲಿ ಹುಡುಕಿ ನೋಡಬೇಕಾದ ಸ್ಥಿತಿಗೆ ಬಂದ ದನ, ಸಮುದ್ರ ದಾಟಿ ಇನ್ನೊಂದು ತಳಿಯ ಮೈಯಲ್ಲಿ ಉಳಿದುಕೊಂಡಿದೆ.

ಆ ಹೋಲಿಕೆಯಿಂದ ತಿಳಿದದ್ದರಲ್ಲಿ ಒಂದು ಸಂಗತಿ ಇಂದಿಗೂ ವಿಜ್ಞಾನಿಗಳನ್ನು ಕಾಡುತ್ತದೆ. ಬ್ರಾಹ್ಮನ್ ಹೋರಿಯನ್ನು ಹಿಯರ್‌ಫೋರ್ಡ್‌ನಂಥ ಬ್ರಿಟಿಷ್ ಮೂಲದ ಆಕಳಿಗೆ ಕೊಟ್ಟರೆ ಕರು ದಪ್ಪಗೆ ಬೆಳೆದು ಹೆರಿಗೆ ಕಷ್ಟವಾಗುತ್ತದೆ. ತಾಯಿ ಬ್ರಾಹ್ಮನ್ ಆಗಿ ತಂದೆ ಬ್ರಿಟಿಷ್ ತಳಿಯದಾದರೆ ಕರು ಸಣ್ಣದು, ಹೆರಿಗೆ ಸಲೀಸು. ಎರಡೂ ಕಡೆ ಅರ್ಧ ಅರ್ಧ ರಕ್ತ, ಆದರೂ ಫಲ ಬೇರೆ. ಬ್ರಾಹ್ಮನ್ ಬೆರಕೆಯ ಆಕಳುಗಳು ಒಳ್ಳೆಯ ತಾಯಂದಿರು. ಮಣಕಗಳು ಬೆದೆಗೆ ಬರುವುದು ಮಾತ್ರ ತಡ. ಕರುವನ್ನು ಎಷ್ಟು ಬೆಳೆಯಗೊಡಬೇಕೆಂಬ ತೀರ್ಮಾನದಲ್ಲಿ ತಾಯಿಯ ಗರ್ಭಕೋಶಕ್ಕೂ ಒಂದು ಮಾತಿದೆ ಎಂದು ನಾನು ಅಲ್ಲಿ ಮೊದಲ ಸಲ ಯೋಚಿಸಿದೆ. ಈ ಪ್ರವಾಸ ಮುಂದೆ ಹೋದಂತೆಲ್ಲ ಆ ಯೋಚನೆ ಬಲವಾಗುತ್ತ ಹೋಯಿತು.

ಇಲ್ಲೇ ನಡೆದ ಇನ್ನೊಂದು ಪ್ರಯೋಗ ಎಚ್ಚರಿಕೆಯ ಪಾಠ. ಆಕಳು ವರ್ಷಕ್ಕೊಂದು ಕರು ಕೊಡುತ್ತದೆ; ಎರಡು ಕೊಟ್ಟರೆ ಹೇಗೆ? 1980ರ ದಶಕದ ಆರಂಭದಿಂದ ಅವಳಿ ಹೆರುವ ಆಕಳುಗಳನ್ನೇ ಆರಿಸಿ ತಲೆಮಾರಿನಿಂದ ತಲೆಮಾರಿಗೆ ಬೆಳೆಸಿದರು. ಸಾಮಾನ್ಯ ಹಿಂಡಿನಲ್ಲಿ ನೂರಕ್ಕೆ ಎರಡೋ ಮೂರೋ ಇರುವ ಅವಳಿ ಹೆರಿಗೆ ಇಲ್ಲಿ ಅರ್ಧದಷ್ಟಕ್ಕೆ ಏರಿತು. ಅದರ ಜೊತೆಗೆ ಅಡ್ಡಬಿದ್ದ ಕರುಗಳು, ಕಷ್ಟದ ಹೆರಿಗೆ, ಮಾಸು ಬೀಳದ ತೊಂದರೆ, ಹುಟ್ಟಿದ ಕರುಗಳಲ್ಲಿ ಹೆಚ್ಚಿದ ಸಾವು. ಗಂಡಿನ ಜೊತೆ ಹುಟ್ಟಿದ ಹೆಣ್ಣು ಕರುವಂತೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸಲ ಗೊಡ್ಡು. ಹೊಟ್ಟೆಯಲ್ಲೇ ಇಬ್ಬರ ರಕ್ತ ಬೆರೆತು, ಗಂಡಿನ ಕಡೆಯಿಂದ ಬಂದ ಹಾರ್ಮೋನು ಹೆಣ್ಣಿನ ಅಂಡಾಶಯವನ್ನು ಬೆಳೆಯಗೊಡುವುದಿಲ್ಲ. 2015ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಈ ಕೇಂದ್ರದಲ್ಲಿ ಪ್ರಾಣಿಗಳು ಪಡುವ ಪಾಡನ್ನು ದೀರ್ಘ ವರದಿಯಲ್ಲಿ ಬರೆದಾಗ ಅವಳಿ ಕರುಗಳ ಸಾವೂ ಅದರಲ್ಲಿತ್ತು. ದೇಶದಲ್ಲಿ ಗದ್ದಲವಾಯಿತು, ಇಲಾಖೆ ಪರಿಶೀಲನೆಗೆ ಇಳಿಯಿತು. ವಿಜ್ಞಾನಕ್ಕೆ ಬೆಲೆ ಕೊಟ್ಟವರು ಯಾರು ಎಂದು ಕೇಳಿದರೆ ಮೊದಲ ಉತ್ತರ ಆ ಮೂಕ ಪ್ರಾಣಿಗಳೇ. ಅವು ಕೊಟ್ಟ ಬೆಲೆಯಿಂದ ಬಂದ ತಿಳಿವಳಿಕೆಯನ್ನು ಉಳಿದ ದನಗಳ ಹಿತಕ್ಕೆ ಬಳಸದೆ ಬಿಟ್ಟರೆ ಅದು ಎರಡನೆಯ ಅನ್ಯಾಯ.

ಗ್ರ್ಯಾಂಡ್ ಐಲ್ಯಾಂಡ್ ಬಿಟ್ಟು ಎರಡನೇ ನಂಬರಿನ ರಾಜ್ಯ ಹೆದ್ದಾರಿ ಹಿಡಿದು ವಾಯವ್ಯಕ್ಕೆ ಹೊರಟೆವು. ಬ್ರೋಕನ್ ಬೋ ದಾಟುತ್ತಿದ್ದಂತೆ ಮೆಕ್ಕೆಜೋಳ ತೆಳುವಾಯಿತು. ಡನ್ನಿಂಗ್ ಹೊತ್ತಿಗೆ ಉಳುಮೆಯ ಗುರುತೇ ಇಲ್ಲ. ಕಣ್ಣು ಹಾಯುವವರೆಗೆ ಹುಲ್ಲು ಹೊದ್ದ ಮರಳು ಗುಡ್ಡಗಳು. ಸ್ಯಾಂಡ್‌ಹಿಲ್ಸ್ ಎಂದರೆ ಇದೇ: ಸುಮಾರು 50,000 ಚದರ ಕಿಲೋಮೀಟರ್, ಕರ್ನಾಟಕದ ಕಾಲು ಭಾಗಕ್ಕಿಂತ ತುಸು ಹೆಚ್ಚು. ಪಶ್ಚಿಮ ಗೋಳಾರ್ಧದಲ್ಲಿ ಇದಕ್ಕಿಂತ ದೊಡ್ಡ ಮರಳು ದಿಬ್ಬಗಳ ಹರವು ಇಲ್ಲ. ಕೆಲವು ದಿಬ್ಬ ನೂರು ಮೀಟರಿಗೂ ಎತ್ತರ. ಬೇರು ಹಿಡಿದ ಹುಲ್ಲೊಂದೇ ಇಡೀ ಸೀಮೆಯನ್ನು ಗಾಳಿಗೆ ಹಾರದಂತೆ ತಡೆದಿದೆ. ಮರಳಿನ ಕೆಳಗೆ ಓಗಲಾಲ ಎಂಬ ಅಗಾಧ ಅಂತರ್ಜಲದ ಪದರ. ದಿಬ್ಬಗಳ ನಡುವಿನ ತಗ್ಗಿನಲ್ಲಿ ಆ ನೀರೇ ಮೇಲಕ್ಕೆ ಇಣುಕಿ ಸಣ್ಣ ಕೆರೆಗಳಾಗಿ, ತೇವದ ಹುಲ್ಲುಬಯಲುಗಳಾಗಿ ನಿಂತಿದೆ.

ಇಲ್ಲಿ ನೇಗಿಲು ಹೂಡಲು ಹೋಗಿ ಸೋತವರ ಕಥೆ ದೊಡ್ಡದು. ಬೇರೆ ಕಡೆ ನೂರ ಅರವತ್ತು ಎಕರೆ ಕೊಟ್ಟು ಜನರನ್ನು ನೆಲೆಗೊಳಿಸಿದ ಸರ್ಕಾರ, ಇಲ್ಲಿ ಅದು ಸಾಲದೆಂದು ಕಂಡು 1904ರ ಕಿಂಕೇಡ್ ಕಾಯ್ದೆಯಲ್ಲಿ 640 ಎಕರೆ ಕೊಟ್ಟಿತು. ಅದೂ ಸಾಲಲಿಲ್ಲ. ಹುಲ್ಲು ಕಿತ್ತಲ್ಲೆಲ್ಲ ಮರಳು ಎದ್ದಿತು. ಉಳಿದವರು ದನ ಮೇಯಿಸಿದವರು ಮಾತ್ರ. ಹುಲ್ಲನ್ನು ಹಾಗೇ ಬಿಟ್ಟು ಅದರಿಂದ ಬದುಕುವ ದಾರಿ ಒಂದೇ: ಮೆಲುಕು ಹಾಕುವ ಹೊಟ್ಟೆ. ಹೆದ್ದಾರಿಯ ಜೊತೆ ಜೊತೆಗೆ ರೈಲು ಹಳಿ. ವಯೋಮಿಂಗ್‌ನ ಕಲ್ಲಿದ್ದಲು ಹೊತ್ತ ಗೂಡ್ಸ್ ಗಾಡಿಗಳು ಮುಗಿಯದಷ್ಟು ಉದ್ದ. ಅದನ್ನು ಬಿಟ್ಟರೆ ಗಾಳಿ, ನೀರೆತ್ತುವ ಗಾಳಿಯಂತ್ರಗಳು, ಅವುಗಳ ಬುಡದ ತೊಟ್ಟಿಗಳಲ್ಲಿ ನೀರು ಕುಡಿಯುವ ದನ.

ವಿಟ್‌ಮನ್ ಎಂಬ ಊರಿನ ಈಶಾನ್ಯಕ್ಕೆ ಒಳದಾರಿಯಲ್ಲಿ ಸಾಗಿದರೆ ಗುಡ್‌ಮಂಡ್‌ಸನ್ ಸ್ಯಾಂಡ್‌ಹಿಲ್ಸ್ ಪ್ರಯೋಗಾಲಯ. ಪ್ರಯೋಗಾಲಯ ಅಂದಾಗ ಗಾಜಿನ ನಳಿಗೆಗಳು ಕಣ್ಣಿಗೆ ಬರುತ್ತವೆ. ಇದು ಸುಮಾರು 12,800 ಎಕರೆ ಹುಲ್ಲುಗಾವಲು. ಎಲ್ಮರ್ ಮತ್ತು ಆ್ಯಬಿ ಗುಡ್‌ಮಂಡ್‌ಸನ್ ದಂಪತಿ 1978ರಲ್ಲಿ ತಮ್ಮ ರ‍್ಯಾಂಚನ್ನು ನೆಬ್ರಾಸ್ಕ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಇಲ್ಲಿನ ಹಿಂಡು ಕೆಂದ ಬಣ್ಣದ್ದು, ರೆಡ್ ಆ್ಯಂಗಸ್ ಮತ್ತು ಸಿಮೆಂಟಾಲ್ ಬೆರಕೆ. ಆ ಹೊತ್ತಿಗೆ ದಿಬ್ಬದ ಹುಲ್ಲೂ ತಾಮ್ರದ ಬಣ್ಣಕ್ಕೆ ತಿರುಗಿತ್ತು.

ಅಂದು ಅಲ್ಲಿ ಗಬ್ಬದ ಪರೀಕ್ಷೆ ನಡೆದಿತ್ತು. ನಮ್ಮ ಪಶು ಆಸ್ಪತ್ರೆಗಳ ಅಂಗಳದ ಟ್ರೆವಿಸ್‌ನ ದೊಡ್ಡ ರೂಪದಂಥ ಕಬ್ಬಿಣದ ಕಟ್ಟಿನೊಳಗೆ ಒಂದೊಂದೇ ಆಕಳು ಬರುವುದು, ಡಾಕ್ಟರು ಅಲ್ಟ್ರಾಸೌಂಡ್ ಕಡ್ಡಿ ಒಳಗಿಟ್ಟು ಪರದೆ ನೋಡುವುದು, ಇಷ್ಟು ದಿನದ ಗಬ್ಬ ಎಂದು ಕೂಗುವುದು, ಪಕ್ಕದಲ್ಲಿ ನಿಂತವರು ಬರೆದುಕೊಳ್ಳುವುದು. ಗಬ್ಬ ನಿಂತದ್ದಕ್ಕೆ ಒಂದು ಗೇಟು, ನಿಲ್ಲದ್ದಕ್ಕೆ ಇನ್ನೊಂದು. ಎರಡನೆಯ ಗೇಟಿನ ಆಚೆ ಲಾರಿಯ ದಾರಿ. ವರ್ಷವಿಡೀ ಹುಲ್ಲು ತಿಂದು ಕರು ಕೊಡದ ಆಕಳನ್ನು ಈ ಸೀಮೆ ಇಟ್ಟುಕೊಳ್ಳುವುದಿಲ್ಲ. ನೋಡುತ್ತ ನಿಂತ ನನಗೆ ಸಂಕಟವಾಯಿತು. ಗೆಳೆಯನ ಮಗಳು ಮೆಲ್ಲಗೆ ಹೇಳಿದಳು: "ಕಾಕಾ, ಆ ಗೇಟಿಗೆ ಹೋಗೋ ಆಕಳ ಕಡಿಮಿ ಆಗಬೇಕು ಅಂತನ ಇಷ್ಟೆಲ್ಲಾ ಸಂಶೋಧನಾ ನಡದದ್ದು. ಆಕಳದ್ದು ತಪ್ಪ ಅಲ್ಲದು. ನಾವು ಅದರ ಹೊಟ್ಟಿ ನೋಡಿದ ಹೊತ್ತು ತಪ್ಪಿರತದ."

ಆಮೇಲೆ ಬೇಲಿಗೆ ಒರಗಿ ಅವಳು ಲೆಕ್ಕ ಬಿಡಿಸಿದಳು. ಆಕಳ ಗರ್ಭ ಸುಮಾರು 283 ದಿನ. ವರ್ಷದಲ್ಲಿ ಉಳಿಯುವುದು 82 ದಿನ. ಪ್ರತಿ ವರ್ಷ ಅದೇ ಕಾಲಕ್ಕೆ ಕರು ಬೇಕೆಂದರೆ ಈದ 82 ದಿನದೊಳಗೆ ಗರ್ಭಕೋಶ ಮೊದಲಿನಂತಾಗಿ, ಬೆದೆ ತಿರುಗಿ, ಮತ್ತೆ ಗರ್ಭ ನಿಲ್ಲಬೇಕು. ಬೆದೆ ಬರುವುದು 21 ದಿನಕ್ಕೊಮ್ಮೆ. ಬಡಕಲು ಆಕಳಿಗೆ ಮೊದಲ ಬೆದೆ ಬರುವಷ್ಟರಲ್ಲೇ ಆ ಅವಧಿಯ ಬಹುಪಾಲು ಕಳೆದಿರುತ್ತದೆ. ಅವಕಾಶ ಒಂದೋ ಎರಡೋ. ಅದೇ ಹೊತ್ತಿಗೆ ಕರು ಮೊಲೆ ಜಗ್ಗುತ್ತಿರುತ್ತದೆ, ಹಾಲು ಏರುತ್ತಿರುತ್ತದೆ. ಆಕಳ ವರ್ಷದಲ್ಲಿ ಹಸಿವು ಅತಿ ಹೆಚ್ಚಿನ ಹೊತ್ತು ಅದೇ.

ರಾಬರ್ಟ್ ಶಾರ್ಟ್ ಮತ್ತು ಡಾನ್ ಆ್ಯಡಮ್ಸ್ ಎಂಬ ವಿಜ್ಞಾನಿಗಳು 1988ರ ಒಂದು ಲೇಖನದಲ್ಲಿ ಆಕಳ ಮೈ ತಿಂದದ್ದನ್ನು ಯಾವ ಸರದಿಯಲ್ಲಿ ಖರ್ಚು ಮಾಡುತ್ತದೆಂದು ಪಟ್ಟಿ ಕೊಟ್ಟರು. ಮೊದಲು ಉಸಿರು, ಎದೆಬಡಿತದಂಥ ಜೀವದ ಮೂಲ ಖರ್ಚು. ಆಮೇಲೆ ಓಡಾಟ, ಬೆಳವಣಿಗೆ, ತುಸು ಕಾದಿಟ್ಟ ಕೊಬ್ಬು. ಅದರ ಮೇಲೆ ಹೊಟ್ಟೆಯಲ್ಲಿರುವ ಕರು, ಕುಡಿಯುವ ಕರುವಿನ ಹಾಲು, ಇನ್ನಷ್ಟು ಕೊಬ್ಬು. ಇಷ್ಟೆಲ್ಲ ತೀರಿದ ಮೇಲೆ ಎಂಟನೆಯ ಸ್ಥಾನದಲ್ಲಿ ಬೆದೆಯ ಚಕ್ರ ಮತ್ತು ಹೊಸ ಗರ್ಭ. ಕೈಯಲ್ಲಿರುವ ದುಡ್ಡಿನಲ್ಲಿ ಮೊದಲು ರೇಷನ್ನು, ಮಕ್ಕಳ ಫೀಜು, ಔಷಧಿ ಅಂತ ತೀರಿಸಿ ತನ್ನ ಸೀರೆಯನ್ನು ಮುಂದಿನ ತಿಂಗಳಿಗೆ ನೂಕುವ ಮನೆಯಾಕೆಯ ಲೆಕ್ಕವೇ ಇದು. ಬೆದೆ ತಪ್ಪಿದ ಆಕಳಿಗೆ ರೋಗವಿದೆ ಎಂದಲ್ಲ. ಇದ್ದದ್ದನ್ನು ಇರುವ ಜೀವಗಳಿಗೆ ಹಂಚಿ, ಹೊಸ ಜೀವಕ್ಕೆ ಸದ್ಯ ಬೇಡವೆಂದಿದೆ ಅಷ್ಟೆ. ಕೊಬ್ಬಿನ ಕೋಶಗಳಿಂದ ಹೊರಡುವ ಲೆಪ್ಟಿನ್‌ನಂಥ ಹಾರ್ಮೋನುಗಳು ಮಿದುಳಿಗೆ ಉಗ್ರಾಣದ ವರದಿ ಒಯ್ಯುತ್ತವೆ. ಅಲ್ಲಿಂದ ಅಪ್ಪಣೆ ಬಂದರೆ ಅಂಡಾಶಯ ಕೆಲಸಕ್ಕೆ ಇಳಿಯುತ್ತದೆ.

ಹೀಗಾಗಿ ಈ ಸೀಮೆಯ ರೈತರು ಆಕಳ ಮೈ ನೋಡಿ ಒಂದರಿಂದ ಒಂಬತ್ತರವರೆಗೆ ಅಂಕ ಕೊಡುವುದನ್ನು ರೂಢಿಸಿಕೊಂಡಿದ್ದಾರೆ. ಪಕ್ಕೆಲುಬು, ಬೆನ್ನುಮೂಳೆ, ಬಾಲದ ಬುಡ, ಎದೆಯ ಮಾಂಸ; ಇಷ್ಟರ ಮೇಲೆ ಕಣ್ಣಾಡಿಸಿದರೆ ಸಾಕು, ತೂಕದ ಯಂತ್ರ ಬೇಡ. ಈಯುವ ಹೊತ್ತಿಗೆ ಅಂಕ ಐದಿರಬೇಕು. ಚೊಚ್ಚಲು ಈದ ಎಳೆಯದಕ್ಕೆ ಆರಿದ್ದರೆ ಒಳ್ಳೆಯದು. ಈದ ಮೇಲೆ ಮೈ ತುಂಬಿಸುತ್ತೇನೆಂದರೆ ತಿಂದದ್ದೆಲ್ಲ ಹಾಲಿಗೆ ಹೋಗುತ್ತದೆ. ಈಯುವ ಮುಂಚಿನ ತಿಂಗಳುಗಳಲ್ಲೇ ಮುಂದಿನ ಗರ್ಭದ ಬುನಾದಿ ಬೀಳಬೇಕು.

ಗುಡ್‌ಮಂಡ್‌ಸನ್‌ನ ಹೆಗ್ಗಳಿಕೆ ಎಂದರೆ ಅಲ್ಲಿನವರು ಮೇವಿನ ಪ್ರಶ್ನೆಯನ್ನು ಹುಲ್ಲಿನ ಕಡೆಯಿಂದಲೂ ಕೇಳಿದ್ದು. ಸ್ಯಾಂಡ್‌ಹಿಲ್ಸ್ ಹುಲ್ಲು ಜೂನ್ ಹೊತ್ತಿಗೆ ಸೊಂಪಾಗಿರುತ್ತದೆ. ಆಗ ಆಕಳು ಆರಿಸಿ ಮೇಯುವ ಹುಲ್ಲಿನಲ್ಲಿ ಪ್ರೋಟೀನು ನೂರಕ್ಕೆ ಹನ್ನೆರಡರ ಆಸುಪಾಸು. ಚಳಿಗಾಲದ ಒಣಹುಲ್ಲಿನಲ್ಲಿ ಅದು ಐದಾರಕ್ಕೆ ಇಳಿಯುತ್ತದೆ. ಹಿಂದಿನಿಂದ ಬಂದ ರೂಢಿಯಲ್ಲಿ ಈಯುವುದು ಮಾರ್ಚ್‌ನಲ್ಲಿ, ಹಿಮ ಇನ್ನೂ ಕರಗದ ಹೊತ್ತು. ಆಕಳಿಗೆ ಹಸಿವು ಹೆಚ್ಚಾದಾಗ ನೆಲದಲ್ಲಿ ಹುಲ್ಲಿಲ್ಲ. ಹುಲ್ಲು ಬಂದಾಗ ಹಸಿವಿನ ಏರು ದಾಟಿದೆ. ಆ ಕಂದಕ ತುಂಬಲು ರೈತ ಜುಲೈನಲ್ಲಿ ತಗ್ಗಿನ ಹುಲ್ಲು ಕೊಯ್ದು, ಒಣಗಿಸಿ, ಉರುಳೆ ಕಟ್ಟಿ, ಚಳಿಗಾಲದುದ್ದಕ್ಕೂ ಟ್ರ್ಯಾಕ್ಟರಿನಲ್ಲಿ ಹೊತ್ತು ಹಾಕಬೇಕು. ರ‍್ಯಾಂಚಿನ ದುಡ್ಡು ಕರಗುವುದೇ ಅಲ್ಲಿ.

1990ರ ದಶಕದಲ್ಲಿ ಆ್ಯಡಮ್ಸ್ ಮತ್ತು ಸಂಗಡಿಗರು ಇಲ್ಲಿ ಕೇಳಿದ ಪ್ರಶ್ನೆ ಸರಳ. ಹುಲ್ಲನ್ನು ಆಕಳ ಪಂಚಾಂಗಕ್ಕೆ ಎಳೆದು ತರುವ ಬದಲು ಆಕಳ ಪಂಚಾಂಗವನ್ನೇ ಹುಲ್ಲಿಗೆ ಸರಿಸಿದರೆ? ಹಿಂಡಿನ ಒಂದು ಪಾಲನ್ನು ಜೂನ್‌ನಲ್ಲಿ ಈಯುವಂತೆ ಮಾಡಿದರು. ಕೊಯ್ದಿಟ್ಟ ಹುಲ್ಲಿನ ಖರ್ಚು ಭಾರಿ ಇಳಿಯಿತು. ಹಿಮಗಾಳಿಯಲ್ಲಿ ಕರು ಕಾಯುವ ಕಷ್ಟವೂ ತಪ್ಪಿತು. ಆದರೆ ಹೊಸ ತೊಡಕು ಬಂತು: ಜೂನ್‌ನಲ್ಲಿ ಈದ ಆಕಳು ಮತ್ತೆ ಗಬ್ಬವಾಗಬೇಕಾದದ್ದು ಬೇಸಿಗೆಯ ಕೊನೆಗೆ, ಹುಲ್ಲು ಒಣಗುತ್ತಿರುವಾಗ. ಬಲಿತ ಆಕಳು ತಡೆದುಕೊಂಡಿತು. ಇನ್ನೂ ಬೆಳೆಯುತ್ತಿರುವ ಎಳೆಯದು ಸೋತಿತು. ಆಮೇಲೆ ಮೇ ತಿಂಗಳ ಹಿಂಡು ಕಟ್ಟಿ ಅದನ್ನೂ ಅಳೆದರು. ಈ ಹುಡುಕಾಟ ಒಂದೇ ಉತ್ತರದಲ್ಲಿ ನಿಲ್ಲಲಿಲ್ಲ. ಯಾವ ತಿಂಗಳು ಆರಿಸಿದರೂ ಹುಲ್ಲಿನ ಏರಿಳಿತ ಮತ್ತು ಮೈಯ ಬೇಡಿಕೆ ಒಂದು ಕಡೆ ಹೊಂದಿ ಇನ್ನೊಂದು ಕಡೆ ತಪ್ಪುತ್ತವೆ. ಆ ತಪ್ಪುವ ಜಾಗ ಗೊತ್ತಿದ್ದರೆ ಅಲ್ಲಿಗಷ್ಟೇ ಆಸರೆ ಕೊಡಬಹುದು.

ಆ ಆಸರೆಯ ಕಥೆಯೇ ನನ್ನನ್ನು ತುಂಬ ಕಲಕಿದ್ದು. ಮಾರ್ಚ್‌ನಲ್ಲಿ ಈಯುವ ಆಕಳುಗಳನ್ನು ಇಲ್ಲಿ ಎರಡು ಪಾಲು ಮಾಡಿದರು. ಎಲ್ಲವೂ ಅದೇ ಚಳಿಗಾಲದ ಒಣಹುಲ್ಲಿನ ಮೇಲೆ. ಒಂದು ಪಾಲಿಗೆ ಡಿಸೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ, ದಿನಕ್ಕೆ ಅರ್ಧ ಕಿಲೋಗೂ ತುಸು ಕಡಿಮೆ ಲೆಕ್ಕದಲ್ಲಿ ನೂರಕ್ಕೆ 42 ಪ್ರೋಟೀನಿರುವ ಹಿಂಡಿಯಂಥ ಆಹಾರ, ವಾರಕ್ಕೆ ಮೂರು ಸಲ. ಇನ್ನೊಂದು ಪಾಲಿಗೆ ಅದಿಲ್ಲ. ಪ್ರೋಟೀನು ಆಕಳಿಗಿಂತ ಮೊದಲು ಅದರ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಬೇಕು. ಅವು ಚುರುಕಾದರೆ ಒಣಹುಲ್ಲೇ ಹೆಚ್ಚು ಕರಗಿ ಶಕ್ತಿ ಕೊಡುತ್ತದೆ. ತಿಂದ ತಾಯಂದಿರ ಮೈ ಚೆನ್ನಾಯಿತು. ಆದರೆ ಮುಂದಿನ ಗರ್ಭ ಕಟ್ಟುವುದರಲ್ಲಿ ಎರಡು ಪಾಲಿಗೂ ಹೆಚ್ಚು ಅಂತರ ಕಾಣಲಿಲ್ಲ. ಅಲ್ಲಿಗೇ ಲೆಕ್ಕ ಮುಗಿಸಿದ್ದರೆ ಹಿಂಡಿ ದಂಡವೆಂದು ಬರೆದಿಡಬೇಕಿತ್ತು.

ಅವರು ಮುಗಿಸಲಿಲ್ಲ. ಹುಟ್ಟಿದ ಹೆಣ್ಣು ಕರುಗಳು ಮಣಕಗಳಾಗುವವರೆಗೆ ಕಾದರು. ಹುಟ್ಟುವಾಗ ತೂಕ ಒಂದೇ. ಬೆದೆಗೆ ಬಂದ ವಯಸ್ಸೂ ಹೆಚ್ಚು ಕಡಿಮೆ ಒಂದೇ. ಆದರೆ 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಗಬ್ಬವಿದ್ದಾಗ ಹಿಂಡಿ ತಿಂದ ತಾಯಂದಿರ ಮಣಕಗಳಲ್ಲಿ ನೂರಕ್ಕೆ 93 ಗಬ್ಬವಾದವು. ತಿನ್ನದ ತಾಯಂದಿರ ಮಣಕಗಳಲ್ಲಿ 80. ಈಯುವ ಕಾಲದ ಮೊದಲ 21 ದಿನದೊಳಗೆ ಕರು ಹಾಕಿದವು ಮೊದಲನೆಯ ಪಾಲಿನಲ್ಲಿ ನೂರಕ್ಕೆ 77, ಎರಡನೆಯದರಲ್ಲಿ 49. ಆ ಮಣಕಗಳು ತಾವಾಗಿ ಹಿಂಡಿ ತಿಂದಿರಲಿಲ್ಲ. ತಿಂದದ್ದು ತಾಯಿ, ಅದೂ ಅವು ಹುಟ್ಟುವ ಮುಂಚೆ.

ಭ್ರೂಣದ ಬೆಳವಣಿಗೆಯ ಮುಕ್ಕಾಲು ಪಾಲು ನಡೆಯುವುದು ಗರ್ಭದ ಕೊನೆಯ ಎರಡು ತಿಂಗಳಲ್ಲಿ. ಹೆಣ್ಣು ಕರುವಿನ ಅಂಡಾಶಯದಲ್ಲಿ ಜೀವಮಾನಕ್ಕೆ ಬೇಕಾದ ಅಂಡಗಳ ನಿಧಿ ಹುಟ್ಟುವ ಮೊದಲೇ ಸಿದ್ಧವಾಗಿರುತ್ತದೆ. ಅಂದರೆ ಡಿಸೆಂಬರ್ ಚಳಿಯಲ್ಲಿ ದಿಬ್ಬದ ಮೇಲೆ ನಿಂತ ಒಂದು ಗಬ್ಬದ ಆಕಳು ಮೂರು ತಲೆಮಾರು: ತಾನು, ಒಳಗಿನ ಮಗಳು, ಮಗಳೊಳಗೆ ಆಗಲೇ ಮೂಡಿರುವ ಮೊಮ್ಮಗಳ ಬೀಜ. ಮನುಷ್ಯರಲ್ಲಿ ಈ ಸತ್ಯ ಕಂಡದ್ದು ಒಂದು ದುರಂತದಿಂದ. 1944-45ರ ಚಳಿಗಾಲದಲ್ಲಿ ನಾಜಿಗಳ ತಡೆಯಿಂದ ಹಾಲೆಂಡಿನ ಜನ ಹಸಿದಾಗ ಗರ್ಭದಲ್ಲಿದ್ದ ಮಕ್ಕಳು ದಶಕಗಳ ನಂತರ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆಗಳಿಗೆ ಹೆಚ್ಚು ಈಡಾದರೆಂದು ವೈದ್ಯರು ಗುರುತಿಸಿದರು. ಹಸಿದವಳು ತಾಯಿ, ಆ ಹಸಿವಿನ ಗುರುತು ಉಳಿದದ್ದು ಮಗುವಿನ ಮೈಯಲ್ಲಿ.

ಈ ವಿಜ್ಞಾನವನ್ನು "ಹೆಚ್ಚು ಹಾಕಿ, ಹೆಚ್ಚು ಪಡೆಯಿರಿ" ಎಂದು ಓದಿದರೆ ತಪ್ಪಾಗುತ್ತದೆ. ಮಣಕಗಳ ವಿಷಯದಲ್ಲಿ ಇದೇ ರಾಜ್ಯದವರು ಹೇಳಿದ್ದು ತಿರುವು ಮುರುವು. ಬಲಿತ ಆಕಳ ತೂಕದ ನೂರಕ್ಕೆ 60ರಿಂದ 65 ಮುಟ್ಟದೆ ಮಣಕವನ್ನು ಹೋರಿಗೆ ಬಿಡಬಾರದೆಂಬುದು ಬಹುಕಾಲದ ನಿಯಮ. ಅದನ್ನು ಮುಟ್ಟಲು ಧಾನ್ಯ ತಿನ್ನಿಸಬೇಕಿತ್ತು. ಫನ್‌ಸ್ಟನ್ ಮತ್ತು ಡಾಯ್ಚರ್ ಎಂಬ ಸಂಶೋಧಕರು 2004ರಲ್ಲಿ 53 ಮತ್ತು 58ರ ಗುರಿಯಲ್ಲಿ ಬೆಳೆದ ಮಣಕಗಳನ್ನು ಹೋಲಿಸಿ, ಮುಂದಿನ ಈತಗಳವರೆಗೆ ನೋಡಿ, ಸಂತಾನದಲ್ಲಿ ವ್ಯತ್ಯಾಸವಿಲ್ಲ, ಖರ್ಚು ಮಾತ್ರ ಕಡಿಮೆ ಎಂದು ತೋರಿಸಿದರು. ಒಂದು ವಯಸ್ಸಿನಲ್ಲಿ ಕೈ ಹಿಡಿದು ಹಾಕಬಹುದು. ಇನ್ನೊಂದು ಹೊತ್ತಿನಲ್ಲಿ ಒಂದು ಬೊಗಸೆ ಕಡಿಮೆಯಾದರೂ ತಲೆಮಾರಿಗೆ ತಟ್ಟುತ್ತದೆ. "ಎಷ್ಟು ಹಾಕಬೇಕಂತ ಎಲ್ಲಾರೂ ಕೇಳ್ತಾರ ಕಾಕಾ, ಯಾವಾಗ ಹಾಕಬೇಕಂತ ಕೇಳಾವ್ರು ಕಡಿಮಿ" ಎಂದಳು ಆ ಹುಡುಗಿ. ನೆಬ್ರಾಸ್ಕದಲ್ಲಿ ನಾನು ಕಲಿತದ್ದರ ಸಾರ ಆ ಒಂದು ಮಾತಿನಲ್ಲಿದೆ.

ಹಯಾನಿಸ್, ಅಲಯನ್ಸ್ ದಾಟಿ ಇನ್ನೂ ವಾಯವ್ಯಕ್ಕೆ ಹೋದರೆ ಮರಳು ಹಿಂದುಳಿದು ಬಿಳಿಬಂಡೆಗಳ ಸಾಲು, ಪೈನ್ ಮರಗಳು. ಅದರ ತಪ್ಪಲಲ್ಲಿ ಫೋರ್ಟ್ ರಾಬಿನ್‌ಸನ್. 1874ರಲ್ಲಿ ಮೂಲನಿವಾಸಿ ಲಕೋಟ ಜನರ ಮೇಲೆ ಕಣ್ಣಿಡಲು ಸೈನ್ಯ ಇಲ್ಲಿ ಶಿಬಿರ ಹೂಡಿತು. 1877ರ ಸೆಪ್ಟೆಂಬರಿನಲ್ಲಿ ಅವರ ನಾಯಕ ಕ್ರೇಜಿ ಹಾರ್ಸ್ ಇಲ್ಲೇ ಸೈನಿಕನೊಬ್ಬನ ಬಯೊನೆಟ್ ತಿವಿತಕ್ಕೆ ಸಿಕ್ಕು ಸತ್ತ. ಲಕ್ಷಾಂತರ ಕಾಡೆಮ್ಮೆಗಳ ಹಿಂಡುಗಳನ್ನು ಬೇಟೆಯಾಡಿ ಮುಗಿಸಿದ ಮೇಲೆ ಅವನ್ನೇ ನಂಬಿದ್ದ ಜನ ಸರ್ಕಾರ ಹಂಚುವ ದನದ ಮಾಂಸದ ಪಡಿತರಕ್ಕೆ ಸಾಲು ನಿಲ್ಲಬೇಕಾಯಿತು. ಈ ಸೀಮೆಯ ದನಗಳ ಕಥೆಯನ್ನು ಇದನ್ನು ಬಿಟ್ಟು ಹೇಳುವುದು ಸಲ್ಲ.

ಇನ್ನೊಂದು ಘಟನೆ ಅದಕ್ಕಿಂತ ಕಠೋರ. ದಕ್ಷಿಣದ ಮೀಸಲು ನೆಲದಲ್ಲಿ ಹಸಿವಿನಿಂದ, ಮಲೇರಿಯದಿಂದ ನರಳಿದ ಉತ್ತರದ ಶಯೆನ್ ಜನ 1878ರಲ್ಲಿ ತಮ್ಮ ತಾಯ್ನೆಲದ ಕಡೆ ಹೊರಟರು. ಅವರಲ್ಲಿ ಡಲ್ ನೈಫ್ ಎಂಬ ಮುದುಕ ಮುಖಂಡನ ಗುಂಪು ಸೆರೆ ಸಿಕ್ಕಿತು. ಸುಮಾರು ನೂರೈವತ್ತು ಜನ, ಹೆಂಗಸರು ಮಕ್ಕಳೇ ಹೆಚ್ಚು. ಅವರನ್ನು ಇಲ್ಲಿನ ಬ್ಯಾರಕ್ಕಿನಲ್ಲಿ ಕೂಡಿಹಾಕಿ, ಹಿಂದಕ್ಕೆ ಹೋಗಲು ಒಪ್ಪದಿದ್ದಾಗ ಕೊರೆಯುವ ಜನವರಿಯಲ್ಲಿ ಊಟ, ಉರುವಲು, ಕೊನೆಗೆ ನೀರನ್ನೂ ನಿಲ್ಲಿಸಿದರು. 1879ರ ಜನವರಿ 9ರ ರಾತ್ರಿ ಅವರು ಕಿಟಕಿ ಒಡೆದು ಹಿಮದೊಳಕ್ಕೆ ಓಡಿದರು. ಅರವತ್ತಕ್ಕೂ ಹೆಚ್ಚು ಜನ ಗುಂಡಿಗೆ ಬಲಿಯಾದರು.

ಎರಡನೆಯ ಮಹಾಯುದ್ಧ ಮುಗಿದು ಸೈನ್ಯ ಜಾಗ ಬಿಟ್ಟ ಮೇಲೆ ಈ ಕೋಟೆ ಮಾಂಸ ದನಗಳ ಸಂಶೋಧನಾ ಕೇಂದ್ರವಾಯಿತು; 1970ರ ದಶಕದ ಆರಂಭಕ್ಕೆ ಆ ಕೆಲಸ ಕ್ಲೇ ಸೆಂಟರ್‌ಗೆ ಸೇರಿತು. ಈ ಕೇಂದ್ರದ ಜೊತೆ ಹೆಸರು ಹೆಣೆದುಕೊಂಡ ವಿಲ್ಟ್‌ಬ್ಯಾಂಕ್, ಗ್ರೆಗರಿ, ಕೋಚ್ ಮೊದಲಾದವರು 1962ರಲ್ಲಿ ಹಿಯರ್‌ಫೋರ್ಡ್ ಆಕಳುಗಳ ಮೇಲಿನ ಒಂದು ಅಧ್ಯಯನ ಪ್ರಕಟಿಸಿದರು. ಈಯುವ ಮುಂಚೆ ಮತ್ತು ಈದ ಮೇಲೆ ಮೇವಿನ ಶಕ್ತಿಯನ್ನು ಏರಿಸಿ ಇಳಿಸಿ ನಾಲ್ಕು ಗುಂಪು ಮಾಡಿದ್ದರು. ಎರಡೂ ಹೊತ್ತು ಸಾಕಷ್ಟು ತಿಂದವುಗಳಲ್ಲಿ ನೂರಕ್ಕೆ 95 ಗಬ್ಬವಾದವು. ಎರಡೂ ಹೊತ್ತು ಅರೆಹೊಟ್ಟೆಯಲ್ಲಿದ್ದವುಗಳಲ್ಲಿ 20. ಆಮೇಲೆ ಬಂದ ಎಲ್ಲ ಸಂಶೋಧನೆಯ ಬೇರು ಈ ಎರಡು ಅಂಕಿಗಳಲ್ಲಿದೆ.

ಬ್ಯಾರಕ್ಕಿನ ಜಾಗದಲ್ಲಿ ನಿಂತು ಆ ಅಂಕಿ ನೆನೆದಾಗ ನನಗೆ ನಿಲ್ಲಲಾಗಲಿಲ್ಲ. ತಾಯಂದಿರ ಹಸಿವನ್ನು ಆಯುಧ ಮಾಡಿಕೊಂಡ ನೆಲ ಇದು. ಅದೇ ನೆಲದ ಹೆಸರು ಮುಂದೆ ತಾಯಿಯ ಹಸಿವು ಏನು ಮಾಡುತ್ತದೆಂದು ಗ್ರಾಂ ಲೆಕ್ಕದಲ್ಲಿ ಅಳೆದ ವಿಜ್ಞಾನಕ್ಕೂ ಅಂಟಿಕೊಂಡಿತು. ಹಸಿವೆಂದರೆ ಒಂದು ಹೊತ್ತಿನ ಸಂಕಟ, ಮೇವು ಬಂದರೆ ಮುಗಿಯಿತು ಎಂದು ತಿಳಿಯುವವರಿಗೆ ಆ ವಿಜ್ಞಾನದ ಉತ್ತರ ಖಚಿತ: ಗಬ್ಬದ ಹೊಟ್ಟೆಯ ಹಸಿವು ಮುಗಿಯುವುದಿಲ್ಲ, ಮುಂದಿನ ತಲೆಮಾರಿಗೆ ದಾಟುತ್ತದೆ.

ನಮ್ಮಲ್ಲಿ ಮಾರ್ಚ್ ಬಂದರೆ ಹೊಲದಲ್ಲಿ ಹಸಿರಿಲ್ಲ. ಉಳಿದಿರುವುದು ಬಣವೆಯ ಜೋಳದ ಕಣಿಕೆ. ಅದರಲ್ಲಿ ಪ್ರೋಟೀನು ಸ್ಯಾಂಡ್‌ಹಿಲ್ಸ್ ಚಳಿಗಾಲದ ಹುಲ್ಲಿಗಿಂತಲೂ ಕಡಿಮೆ. ಬೇಸಿಗೆಯಲ್ಲಿ ಬೆದೆಗೆ ಬಾರದ ಆಕಳಿಗೆ ಸೂಜಿ ಹಾಕಿಸುತ್ತೇವೆ, ಮತ್ತೆ ಮತ್ತೆ ಕೃತಕ ಗರ್ಭಧಾರಣೆ ಮಾಡಿಸುತ್ತೇವೆ, ಕೊನೆಗೆ ಗೊಡ್ಡೆಂದು ಹೆಸರಿಟ್ಟು ಸಂತೆಗೆ ಹೊಡೆಯುತ್ತೇವೆ. ಅಲ್ಲಿ ಗೇಟು, ಇಲ್ಲಿ ಸಂತೆ. ನೆಬ್ರಾಸ್ಕದ ಅಂಕಿಗಳನ್ನು ಹಾಗೇ ತಂದು ಇಲ್ಲಿ ಹಚ್ಚಲಾಗದು. ನಮ್ಮ ಆಕಳು ಹಾಲು ಕರೆಯುತ್ತದೆ, ವರ್ಷದ ಯಾವ ತಿಂಗಳಲ್ಲೂ ಈಯುತ್ತದೆ, ಎರಡು ಎಕರೆಯ ಮನೆಯಲ್ಲಿ ಒಂದೋ ಎರಡೋ ಇರುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆ ಮತ್ತು ಶರೀರಕ್ರಿಯೆಗೆಂದೇ ರಾಷ್ಟ್ರೀಯ ಸಂಸ್ಥೆಯಿದೆ. ನಮ್ಮ ನೆಲಕ್ಕೆ ತಕ್ಕ ಅಳತೆಗಳನ್ನು ಹುಡುಕುವ ಕೆಲಸ ಅಲ್ಲಿ ನಡೆಯುತ್ತಿದೆ. ತತ್ವ ಮಾತ್ರ ಎಲ್ಲ ಕಡೆಗೂ ಒಂದೇ. ಒಂದೆರಡು ಆಕಳಿರುವ ನಮ್ಮ ರೈತನಿಗೆ ಇನ್ನೂ ಒಂದು ಅನುಕೂಲವಿದೆ: ಯಾವ ಆಕಳಿಗೆ ಎಷ್ಟು ತಿಂಗಳು ತುಂಬಿತೆಂದು ಮನೆಯ ಹೆಂಗಸರಿಗೆ ಗೊತ್ತಿರುತ್ತದೆ. ಕೊನೆಯ ಎರಡು ತಿಂಗಳು ಹಾಲು ಬಿಡಿಸಿದ ಆಕಳಿಗೆ ಹಾಲಿಲ್ಲವೆಂದು ಹಿಂಡಿ ನಿಲ್ಲಿಸುವ ರೂಢಿ ಅನೇಕ ಮನೆಗಳಲ್ಲಿದೆ. ಅದನ್ನು ತಿರುಗಿಸಿದರೆ ಸಾಕು, ದೊಡ್ಡ ಖರ್ಚಿಲ್ಲದೆ ದೊಡ್ಡ ಬದಲಾವಣೆ.

ಬರ ಬಂದಾಗ ಈ ತಿಳಿವಳಿಕೆ ಸರ್ಕಾರದ ಕೆಲಸಕ್ಕೂ ಇಳಿಯಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಯಿತು. ಅಂಥ ವರ್ಷಗಳಲ್ಲಿ ಮೇವು ಬ್ಯಾಂಕು, ಗೋಶಾಲೆಗಳು ತೆರೆಯುತ್ತವೆ. ದನದ ತಲೆ ಎಣಿಸಿ ಮೇವು ಹಂಚುವುದೇ ಸುಲಭದ ದಾರಿ. ಆದರೆ ದುಡಿದು ನಿಂತ ಎತ್ತಿಗೂ ಎಂಟು ತಿಂಗಳ ಗಬ್ಬದ ಆಕಳಿಗೂ ಅದೇ ಕಟ್ಟು ಕೊಟ್ಟರೆ ನ್ಯಾಯ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಒಂದರ ಹಸಿವು ಮಳೆ ಬಂದರೆ ತೀರುತ್ತದೆ. ಇನ್ನೊಂದರ ಹಸಿವು ಎರಡು ವರ್ಷದ ನಂತರ ಮಗಳು ಗಬ್ಬ ಕಟ್ಟದಿದ್ದಾಗ ಕಾಣಿಸುತ್ತದೆ. ಆಗ ಆ ಬರದ ನೆನಪೂ ಯಾರಿಗೂ ಇರುವುದಿಲ್ಲ. ಮೇವು ಹಂಚುವ ಪಟ್ಟಿಯಲ್ಲಿ ಒಂದೇ ಒಂದು ಕಾಲಂ ಹೆಚ್ಚು ಹಾಕಿ, ಗಬ್ಬ ಎಷ್ಟು ತಿಂಗಳದ್ದೆಂದು ಬರೆದುಕೊಂಡು, ಏಳು ದಾಟಿದವುಗಳಿಗೆ ಕಣಿಕೆಯ ಜೊತೆ ಒಂದಿಷ್ಟು ಹಿಂಡಿಯನ್ನೂ ಕೊಡಬೇಕು. ಮುಂದಿನ ಬರಕ್ಕೆ ಮುಂಚೆ ನಮ್ಮ ತಾಲ್ಲೂಕುಗಳಲ್ಲಿ ಆಗಬೇಕಾದ ಮೊದಲ ಕೆಲಸ ಇದು.